ನೀರು ಕೊಡೋರು ಯಾರು?

ಭಾನುವಾರ ಬೆಳಿಗ್ಗೆ ಉತ್ತರ ಕೋಲ್ಕತ್ತದ ಬಾಗ್‌ಬಜಾರಿನ ಬಳಿ ಗ್ಯಾಲಿಫ್ ಸ್ಟ್ರೀಟಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ರಸ್ತೆಯುದ್ದಕ್ಕೂ ಪ್ರಾಣಿಪಕ್ಷಿಗಳ ಸಂತೆ. ನೀರು ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಬಣ್ಣದ ಮೀನು, ಬುಟ್ಟಿಗಳಲ್ಲಿ ಪಾರಿವಾಳ, ರಟ್ಟಿನ ಡಬ್ಬಿಯಲ್ಲಿ ಮೊಲ, ಎದೆಗೆ ಅವುಚಿಕೊಂಡ ನಾಯಿಮರಿ, ಇವುಗಳ ನಡುವೆಯೇ ಗುಲಾಬಿ ಸಸಿ ಮಾರುವವರು. ಒಂದು ಚಳಿಗಾಲದ ಬೆಳಿಗ್ಗೆ ನನ್ನ ಒಂಬತ್ತು ವರ್ಷದ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮೊಲ ಬೇಕೆಂದು ತಿಂಗಳುಗಟ್ಟಲೆ ಹಟ ಹಿಡಿದಿದ್ದಳು. ಒಂದು ಬಿಳಿ ಮೊಲದ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. ಆಮೇಲೆ ತಲೆಯೆತ್ತಿ, "ಅಪ್ಪಾ, ನಾನು ಸ್ಕೂಲಿಗೆ ಹೋದಾಗ ಇದಕ್ಕೆ ನೀರು ಕೊಡೋರು ಯಾರು?" ಎಂದಳು.

"ಮಾಶಿ ಇದ್ದಾರಲ್ಲ, ಅವರು ಕೊಡ್ತಾರೆ" ಎಂದೆ. ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸನ್ನು ಇಲ್ಲಿನ ರೂಢಿಯಂತೆ ಅವಳು ಮಾಶಿ ಅನ್ನುತ್ತಾಳೆ.

"ಗೂಡು ತೊಳೆಯೋದು?"

"ಅದೂ ಮಾಶಿನೇ."

"ಹಂಗಾದ್ರೆ ಅದು ಮಾಶಿ ಮೊಲ ಆಗತ್ತಲ್ಲಾ."

ಅವತ್ತು ಮೊಲ ತಾರದೆ ಮನೆಗೆ ಬಂದೆವು. ಮಕ್ಕಳು ಮನೆಯಲ್ಲಿ ಪ್ರಾಣಿ ಸಾಕುವುದರಿಂದ ಏನು ಕಲಿಯುತ್ತಾರೆ ಎಂಬ ಪ್ರಶ್ನೆಗೆ ನಾನು ಓದಿದ, ಕೇಳಿದ ಉತ್ತರಗಳಲ್ಲೆಲ್ಲ ಈ ಮಾತಿನಷ್ಟು ಸರಿಯಾದದ್ದು ಇನ್ನೊಂದಿಲ್ಲ ಅನ್ನಿಸಿದೆ. ಪ್ರಾಣಿ ಯಾರದು? ದುಡ್ಡು ಕೊಟ್ಟವರದಲ್ಲ, ಮುದ್ದು ಮಾಡಿದವರದೂ ಅಲ್ಲ. ಅದರ ನೀರು, ಮೇವು, ಹೊಲಸು ನೋಡಿಕೊಂಡವರದು. ಮಗು ಏನಾದರೂ ಕಲಿಯುವುದಿದ್ದರೆ ಆ ಕೆಲಸದಿಂದ ಕಲಿಯುತ್ತದೆ. ಪ್ರಾಣಿ ಮನೆಯಲ್ಲಿ ಸುಮ್ಮನೆ ಇದ್ದ ಮಾತ್ರಕ್ಕೆ ಏನೂ ಆಗುವುದಿಲ್ಲ.

ಹೀಗೆನ್ನಲು ನನ್ನ ಅನುಭವವಷ್ಟೇ ಆಧಾರವಲ್ಲ. 2017ರಲ್ಲಿ ಅಮೆರಿಕದ ರ್‍ಯಾಂಡ್ ಸಂಸ್ಥೆಯ ಸಂಶೋಧಕರು ಕ್ಯಾಲಿಫೋರ್ನಿಯಾದ 5,000ಕ್ಕೂ ಹೆಚ್ಚು ಮನೆಗಳ ಮಾಹಿತಿಯನ್ನು ಪರಿಶೀಲಿಸಿದರು. ನಾಯಿ ಬೆಕ್ಕು ಇರುವ ಮನೆಯ ಮಕ್ಕಳು ಮೈಮನಸ್ಸಿನಲ್ಲಿ ಹೆಚ್ಚು ಗಟ್ಟಿಯಾಗಿರುವಂತೆ ಮೇಲ್ನೋಟಕ್ಕೆ ಕಂಡಿತು. ಆದರೆ ಮನೆಯ ಆದಾಯ, ವಾಸದ ಅನುಕೂಲ ಮುಂತಾದವನ್ನು ಲೆಕ್ಕಕ್ಕೆ ತಂದುಕೊಂಡ ಕೂಡಲೆ ಆ ವ್ಯತ್ಯಾಸ ಕರಗಿಹೋಯಿತು. ಅನುಕೂಲಸ್ಥರ ಮನೆಯಲ್ಲಿ ನಾಯಿಯೂ ಇತ್ತು, ಆರೋಗ್ಯವಂತ ಮಕ್ಕಳೂ ಇದ್ದರು, ಅಷ್ಟೆ. ಇದನ್ನು ಓದಿ ಪ್ರಾಣಿಪ್ರಿಯರು ಬೇಸರಪಡುವುದು ಬೇಡ. ಆ ಸಂಶೋಧನೆ ಎಣಿಸಿದ್ದು ಮನೆಯಲ್ಲಿ ಪ್ರಾಣಿ ಇದೆಯೇ ಇಲ್ಲವೇ ಎಂಬುದನ್ನು. ಬೆಳಿಗ್ಗೆ ಎದ್ದು ಅದಕ್ಕೆ ನೀರಿಟ್ಟವರು ಯಾರು ಎಂಬುದನ್ನಲ್ಲ.

ನಾನು ಬೆಳೆದದ್ದು ತೀರ್ಥಹಳ್ಳಿ ಕಡೆಯ ಒಂದು ಒಂಟಿ ಮನೆಯಲ್ಲಿ. ಕೊಟ್ಟಿಗೆಯಲ್ಲಿ ಏಳೆಂಟು ಮಲೆನಾಡು ಗಿಡ್ಡಗಳು. ಏಳನೆಯ ವಯಸ್ಸಿಗೆ ನನ್ನ ಪಾಲಿಗೆ ಬಂದ ಕೆಲಸ ಕರು ಬಿಡುವುದು. ಕೇಳಲು ಸಣ್ಣ ಕೆಲಸ. ಅಜ್ಜಿ ಚೆಂಬು ಹಿಡಿದು ಹಸುವಿನ ಪಕ್ಕ ಕೂರುವ ಮೊದಲು ಕರುವಿನ ಕಣ್ಣಿ ಬಿಚ್ಚಬೇಕು. ಅದು ಓಡಿ ಹೋಗಿ ಕೆಚ್ಚಲಿಗೆ ಗುದ್ದುತ್ತದೆ, ಹಸು ಸೊರೆ ಬಿಡುತ್ತದೆ. ಕರುವಿನ ಬಾಯಲ್ಲಿ ನೊರೆ ಕಾಣುತ್ತಿದ್ದ ಹಾಗೆ ಅದನ್ನು ಎಳೆದು ತಂದು, ಕರೆಯುವುದು ಮುಗಿಯುವ ತನಕ ತಾಯಿಯ ಮುಂದೆಯೇ ಹಿಡಿದುಕೊಂಡು ನಿಲ್ಲಬೇಕು. ಹಸು ಅದರ ಬೆನ್ನು ನೆಕ್ಕುತ್ತದೆ. ಕರು ನಿಮ್ಮ ಕೈಯಿಂದ ಬಿಡಿಸಿಕೊಳ್ಳಲು ಮೈಯೆಲ್ಲ ಶಕ್ತಿ ಹಾಕಿ ಎಳೆಯುತ್ತದೆ. ಏಳು ವರ್ಷದ ಹುಡುಗನಿಗೂ ಎರಡು ತಿಂಗಳ ಕರುವಿಗೂ ಬಲ ಹೆಚ್ಚುಕಡಿಮೆ ಸಮವೇ. ನಾನು ಕುಡಿಯುವ ಹಾಲು ಯಾರ ಬಾಯಿಂದ ಬಿಡಿಸಿ ತಂದದ್ದು ಎಂಬುದನ್ನು ನನಗೆ ಯಾರೂ ಪಾಠ ಮಾಡಿ ತಿಳಿಸಬೇಕಾಗಲಿಲ್ಲ. ದಿನಕ್ಕೆ ಎರಡು ಸಲ ಅಂಗೈ ಉರಿಯುತ್ತಿತ್ತು. ಅಜ್ಜಿ ಯಾವತ್ತೂ ಒಂದು ಮೊಲೆಯನ್ನು ಮುಟ್ಟುತ್ತಿರಲಿಲ್ಲ. ಅದು ಕರುವಿನ ಪಾಲು. ನೆಂಟರು ಬಂದ ದಿನ, ಹಾಲು ಸಾಲದ ದಿನ, ಆಗಲೂ ಆ ಒಂದು ಮೊಲೆ ಬಿಟ್ಟೇ ಏಳುತ್ತಿದ್ದರು. ನ್ಯಾಯ ಅನ್ನುವ ಮಾತು ಕಿವಿಗೆ ಬೀಳುವ ಮೊದಲು ನಾನು ಕಂಡ ನ್ಯಾಯ ಅದು.

ಇನ್ನೊಂದು ಕಲಿಕೆ ಹೊತ್ತಿನದು. ದನಕ್ಕೆ ಭಾನುವಾರವಿಲ್ಲ, ಹಬ್ಬವಿಲ್ಲ. ನಮ್ಮ ಕಡೆ ಅಕ್ಕಚ್ಚು ಅನ್ನುವ ಕಲಗಚ್ಚಿನ ಬಾನಿ ಹೊತ್ತಿಗೆ ಸರಿಯಾಗಿ ತುಂಬಬೇಕು. ಒಂದು ಸಲ ಜಾತ್ರೆಗೆ ಹೊರಡುವ ಸಡಗರದಲ್ಲಿ ಗೂಟಕ್ಕೆ ಕಟ್ಟಿದ್ದ ಕರುವಿಗೆ ನೀರು ಕೊಡುವುದನ್ನು ಮರೆತೆ. ರಾತ್ರಿ ಬಂದು ನೋಡಿದರೆ ಅದು ಕೂಗುವುದನ್ನೂ ನಿಲ್ಲಿಸಿತ್ತು. ಅಜ್ಜಿ ಬೈಯಲಿಲ್ಲ. ಲಾಟೀನು ನನ್ನ ಕೈಗೆ ಕೊಟ್ಟು, ಬಕೆಟ್ಟು ನೀನೇ ಇಡು ಅಂದರು. ಕರು ಒಮ್ಮೆಯೂ ತಲೆಯೆತ್ತದೆ ಕುಡಿಯಿತು. ಆ ಸದ್ದು ನನಗೆ ಇವತ್ತಿಗೂ ಕೇಳುತ್ತದೆ. ಮನುಷ್ಯರ ನಡುವೆ ತಪ್ಪಿಗೆ ಕ್ಷಮೆ ಕೇಳಬಹುದು, ನೆಪ ಹೇಳಬಹುದು, ನಾಳೆ ಮಾಡುತ್ತೇನೆ ಅನ್ನಬಹುದು. ಬಾಯಾರಿದ ಪ್ರಾಣಿಯ ಮುಂದೆ ಇದಾವುದೂ ನಡೆಯುವುದಿಲ್ಲ, ನೀರು ತಂದಿಡಬೇಕು.

ಮೂರನೆಯದನ್ನು ನಾನು ಎಲ್ಲಕ್ಕಿಂತ ದೊಡ್ಡದೆಂದು ತಿಳಿದಿದ್ದೇನೆ. ಅದು ಮಾತಿಲ್ಲದ್ದನ್ನು ಓದುವುದು. ಮೆಲುಕು ನಿಲ್ಲಿಸಿದೆಯೇ, ಮೂಗಿನ ತುದಿ ಒಣಗಿದೆಯೇ, ಕಿವಿಯ ಬುಡ ತಣ್ಣಗಿದೆಯೇ, ಸಗಣಿ ತೆಳ್ಳಗಾಗಿದೆಯೇ, ಬ್ಯಾಣದಿಂದ, ಅಂದರೆ ಹುಲ್ಲುಗಾವಲಿನಿಂದ, ಬಂದದ್ದು ಕೊಟ್ಟಿಗೆಗೆ ನುಗ್ಗದೆ ಅಂಗಳದಲ್ಲೇ ನಿಂತಿತೇ, ಕೊರಳಡಿಯಲ್ಲಿ ಉಣುಗು ಕಚ್ಚಿದೆಯೇ. ದನ ಕಟ್ಟುವ ಮಗುವಿಗೆ ಇಷ್ಟೂ ಗೊತ್ತಿರುತ್ತದೆ. ತನ್ನ ಮನಸ್ಸನ್ನು ತನ್ನಿಂದಾಚೆಗೆ ಕಳಿಸಿ, ಇನ್ನೊಂದು ಜೀವದ ಮೈಯೊಳಗೆ ಏನು ನಡೆಯುತ್ತಿದೆ ಎಂದು ಊಹಿಸಿ, ಊಹೆ ಸರಿಯೇ ತಪ್ಪೇ ಎಂದು ಮರುದಿನ ನೋಡಿ ತಿದ್ದಿಕೊಳ್ಳುವುದು ಸಣ್ಣ ವಿದ್ಯೆಯಲ್ಲ. ವೈದ್ಯನಿಗೆ, ಮೇಷ್ಟರಿಗೆ, ಕತೆ ಬರೆಯುವವನಿಗೆ, ಹೆತ್ತವರಿಗೆ ಎಲ್ಲರಿಗೂ ಬೇಕಾದ ವಿದ್ಯೆ ಇದೇ.

ನಾನೀಗ ಇರುವ ಈ ಊರಿನಲ್ಲಿ ಒಂದೂವರೆ ಶತಮಾನದ ಹಿಂದೆ, ಒಬ್ಬರ ಮನೆಯಿಂದ ಒಬ್ಬರ ಮನೆಗೆ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ ಇಬ್ಬರು ಹುಡುಗರು ಬೆಳೆಯುತ್ತಿದ್ದರು. ಒಬ್ಬ 1861ರಲ್ಲಿ ಜೋಡಾಸಾಂಕೋದಲ್ಲಿ ಹುಟ್ಟಿದ ರವಿ, ಇನ್ನೊಬ್ಬ 1863ರಲ್ಲಿ ಸಿಮ್ಲಾ ಬಡಾವಣೆಯಲ್ಲಿ ಹುಟ್ಟಿದ ನರೇನ. ರವೀಂದ್ರರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ: ಆಳುಗಳ ಕಾವಲಿನಲ್ಲಿದ್ದ ಬಾಲ್ಯ ಅದು. ಶ್ಯಾಮನೆಂಬ ಆಳು ಹುಡುಗನನ್ನು ಕೂರಿಸಿ ಸುತ್ತ ಸೀಮೆಸುಣ್ಣದ ಗೆರೆ ಎಳೆದು, ದಾಟಿದರೆ ಗಂಡಾಂತರ ಎಂದು ಹೆದರಿಸಿ ಹೋಗುತ್ತಿದ್ದ. ಸೀತೆಯ ಕತೆ ಗೊತ್ತಿದ್ದ ಹುಡುಗ ಗೆರೆ ದಾಟುತ್ತಿರಲಿಲ್ಲ. ಕಿಟಕಿಯಾಚೆ ಕೆಳಗೆ ಒಂದು ಕೊಳ, ದಂಡೆಯಲ್ಲಿ ದೊಡ್ಡ ಆಲದ ಮರ. ಮಧ್ಯಾಹ್ನ ಜನ ಸ್ನಾನ ಮುಗಿಸಿ ಹೋದ ಮೇಲೆ ನೀರಿನಲ್ಲಿ ಉಳಿಯುತ್ತಿದ್ದದ್ದು ಬಾತುಕೋಳಿಗಳು. ಅವನ್ನು ಅವನು ಗೆರೆಯೊಳಗಿಂದ ನೋಡುತ್ತಿದ್ದ.

ನರೇನನ ಮನೆಯಲ್ಲಿ ಗೆರೆ ಇರಲಿಲ್ಲ. ಮುಂದೆ ವಿವೇಕಾನಂದರಾದ ಆ ಹುಡುಗ ಆಡು, ಕೋತಿ, ನವಿಲು, ಪಾರಿವಾಳ, ಗಿನಿ ಇಲಿಗಳನ್ನು ಸಾಕಿದ್ದನೆಂದು, ಮನೆಯ ಹಸುವಿನ ಮೇಲೆ ಪ್ರಾಣ ಇಟ್ಟುಕೊಂಡಿದ್ದನೆಂದು, ಗಾಡಿ ಹೊಡೆಯುವ ಸಾಯಿಸನ ಗೆಳೆತನದಲ್ಲಿ ತಾನೂ ಸಾಯಿಸನೇ ಆಗುತ್ತೇನೆ ಅನ್ನುತ್ತಿದ್ದನೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಕೊನೆಯ ದಿನಗಳಲ್ಲಿ, ಲೋಕವೆಲ್ಲ ಸುತ್ತಿ ದಣಿದು ಬೇಲೂರು ಮಠದಲ್ಲಿ ನೆಲೆಸಿದ ಸ್ವಾಮೀಜಿ ಮತ್ತೆ ಅದೇ ಹುಡುಗನಾದರು. ಬಾಘಾ ಎಂಬ ನಾಯಿ, ಹಂಸಿ ಎಂಬ ಆಡು, ಕೊರಳಿಗೆ ಗೆಜ್ಜೆ ಕಟ್ಟಿಸಿಕೊಂಡು ಅವರ ಹಿಂದೆಯೇ ಸುತ್ತುತ್ತಿದ್ದ ಮಟ್ರು ಎಂಬ ಮರಿ, ಬಾತುಕೋಳಿಗಳು. ಪ್ರಾಣಿ ಸಾಕಿದ್ದರಿಂದ ಒಬ್ಬರು ವಿವೇಕಾನಂದರಾದರು ಎನ್ನುವಷ್ಟು ಸಸಾರದ ಮಾತು ನಾನು ಆಡಲಾರೆ. ಗೆರೆಯೊಳಗೆ ಕೂತ ಹುಡುಗನೂ ರವೀಂದ್ರನಾಥ ಠಾಕೂರರಾದರು. ಆದರೆ ಗೆರೆಯೊಳಗಿದ್ದವರು ಬೆಳೆದು ಏನು ಮಾಡಿದರು ಎಂಬುದು ಮುಖ್ಯ. 1918ರಲ್ಲಿ ಅವರು ಗಿಣಿಯ ಕತೆ ಬರೆದರು: ವಿದ್ಯೆ ಕಲಿಸಲೆಂದು ಗಿಣಿಯನ್ನು ಚಿನ್ನದ ಪಂಜರದಲ್ಲಿಟ್ಟು, ಪುಸ್ತಕದ ಹಾಳೆಗಳನ್ನು ಅದರ ಗಂಟಲಿಗೆ ತುರುಕಿ, ಕೊನೆಗೆ ಅದು ಸತ್ತ ಕತೆ. 1922ರಲ್ಲಿ ಎಲ್ಮ್‌ಹರ್ಸ್ಟ್ ಎಂಬ ಇಂಗ್ಲಿಷ್ ಕೃಷಿತಜ್ಞನನ್ನು ಜೊತೆಗಿಟ್ಟುಕೊಂಡು ಸುರುಲ್ ಹಳ್ಳಿಯಲ್ಲಿ ಶ್ರೀನಿಕೇತನ ಕಟ್ಟಿದರು. ಅಲ್ಲಿ ಹೈನು, ಕೋಳಿ ಸಾಕಣೆ ಎಲ್ಲ ಇತ್ತು. 1924ರಲ್ಲಿ ಹಳ್ಳಿಯ ಬಡಮಕ್ಕಳಿಗಾಗಿ ಶಿಕ್ಷಾಸತ್ರ ತೆರೆದರು. 1927ರಲ್ಲಿ ಅದೂ ಶ್ರೀನಿಕೇತನಕ್ಕೆ ಬಂತು. ಅಲ್ಲಿ ಮಕ್ಕಳ ಪಾಠ ಶುರುವಾಗುತ್ತಿದ್ದದ್ದು ಅಡುಗೆ, ಕೈತೋಟ, ಕೈಕೆಲಸಗಳಿಂದ. ಗೆರೆಯನ್ನು ಅವರು ಅಳಿಸಿದ್ದು ಹೀಗೆ.

ಇಲ್ಲಿಗೆ ನಿಲ್ಲಿಸಿದರೆ ನನ್ನ ವಾದ ಸುಲಭವಾಗಿ ಗೆದ್ದುಬಿಡುತ್ತದೆ. ಆದರೆ ಇದೇ ಕೋಲ್ಕತ್ತ ಅದಕ್ಕೆ ಎದುರಾಗಿಯೂ ಸಾಕ್ಷಿ ಹೇಳುತ್ತದೆ. ಪ್ರಾಣಿಗಳ ಜೊತೆ ಬೆಳೆದವರಿಗೆ ದಯೆ ತಾನಾಗಿ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಈ ಊರಿನ ಖಟಾಲುಗಳನ್ನು, ಅಂದರೆ ಓಣಿಗಳೊಳಗಿದ್ದ ದನದ ದೊಡ್ಡಿಗಳನ್ನು ನಡೆಸುತ್ತಿದ್ದವರು ಹೆಚ್ಚಾಗಿ ಬಿಹಾರದಿಂದ, ಪೂರ್ವ ಉತ್ತರಪ್ರದೇಶದಿಂದ ಬಂದ ಗ್ವಾಲರು. ತೊಟ್ಟಿಲಿಂದಲೇ ದನಗಳ ನಡುವೆ ಬೆಳೆದವರು. ಆದರೂ ಈ ಊರಿನ ದೊಡ್ಡಿಗಳಲ್ಲಿ ಫೂಕಾ ನಡೆಯುತ್ತಿತ್ತು. ನಗರದಲ್ಲಿ ಮೇವು ದುಬಾರಿ, ಕರುವಿಗೆ ಹಾಲು ಬಿಡುವುದು ನಷ್ಟ, ಕರು ಸಾಯುತ್ತಿತ್ತು. ಕರುವಿಲ್ಲದೆ ಹಸು ಸೊರೆ ಬಿಡುವುದಿಲ್ಲ. ಅದಕ್ಕಾಗಿ ಹಸುವಿನ ಗುಪ್ತಾಂಗಕ್ಕೆ ಗಾಳಿ ಊದಿ, ಆ ಹಿಂಸೆಗೆ ಅದು ಹಾಲಿಳಿಸುವಂತೆ ಮಾಡುತ್ತಿದ್ದರು. ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಮುಂದೆ ನಿಲ್ಲಿಸುವುದೂ ಇತ್ತು. ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿಯ ಕೈಗೆ ಕಲ್ಕತ್ತದಿಂದ ಬಂದ ಕೆಲವು ಬರಹಗಳು ಸಿಕ್ಕವು. ದನ ಎಮ್ಮೆಗಳನ್ನು ಸಾಕುವವರೇ ಅವಕ್ಕೆ ಕೊಡುತ್ತಿದ್ದ ಹಿಂಸೆಯ ವಿವರ ಅವುಗಳಲ್ಲಿತ್ತು. 1912ರಲ್ಲಿ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಅವರು ಹಾಲು ಬಿಡುವ ವ್ರತ ತೊಟ್ಟದ್ದರ ಹಿಂದೆ ಇದೂ ಒಂದು ಕಾರಣವೆಂದು ತಮ್ಮ ಆತ್ಮಕಥೆಯಲ್ಲೇ ಬರೆದಿದ್ದಾರೆ. ಏಷ್ಯಾದಲ್ಲೇ ಮೊದಲನೆಯ ಪ್ರಾಣಿಹಿಂಸಾ ನಿವಾರಣಾ ಸಂಘ ಹುಟ್ಟಿದ್ದು 1861ರಲ್ಲಿ, ಇದೇ ಊರಿನಲ್ಲಿ, ಕೋಲ್ಸ್‌ವರ್ದಿ ಗ್ರಾಂಟ್ ಎಂಬವರ ಮುಂದಾಳತ್ವದಲ್ಲಿ. 1960ರ ಪ್ರಾಣಿಹಿಂಸಾ ತಡೆ ಕಾಯ್ದೆ ಫೂಕಾವನ್ನು ಹೆಸರು ಹಿಡಿದೇ ಅಪರಾಧವೆನ್ನುತ್ತದೆ.

ನಮ್ಮಜ್ಜಿ ಬಿಡುತ್ತಿದ್ದ ಒಂದು ಮೊಲೆಗೂ ಖಟಾಲಿನ ಹುಲ್ಲು ತುಂಬಿದ ಕರುವಿಗೂ ನಡುವೆ ಇರುವುದು ಮನುಷ್ಯರ ಒಳ್ಳೆಯತನದ ವ್ಯತ್ಯಾಸವಲ್ಲ. ನಮಗೆ ಬೆಟ್ಟವಿತ್ತು, ಬ್ಯಾಣವಿತ್ತು, ಹಾಲು ಮಾರಿ ಬಾಡಿಗೆ ಕಟ್ಟಬೇಕಾಗಿರಲಿಲ್ಲ. ಆದ್ದರಿಂದ ಪ್ರಾಣಿಯ ಸಂಗ ಮಗುವಿಗೆ ದಯೆ ಕಲಿಸುತ್ತದೆ ಅನ್ನುವ ಬದಲು, ಸುತ್ತಲಿನ ದೊಡ್ಡವರು ಆ ಪ್ರಾಣಿಯ ಜೊತೆ ಹೇಗೆ ನಡೆದುಕೊಳ್ಳುತ್ತಾರೋ ಅದನ್ನೇ ಕಲಿಸುತ್ತದೆ ಅನ್ನಬೇಕು. ಹಿಂಸೆ ನೋಡಿದ ಕೈ ಹಿಂಸೆಯನ್ನೇ ಕಲಿಯುತ್ತದೆ.

ಇದಕ್ಕಿಂತ ಭಾರವಾದ ಇನ್ನೊಂದು ಆಕ್ಷೇಪವಿದೆ. ನಾನು ಕರು ಬಿಟ್ಟು, ಮುಖ ತೊಳೆದು, ಶಾಲೆಗೆ ಹೋದೆ. ನಮ್ಮ ದನಗಳನ್ನು ಬ್ಯಾಣಕ್ಕೆ ಹೊಡೆದುಕೊಂಡು ಹೋಗುತ್ತಿದ್ದ ನನ್ನದೇ ವಯಸ್ಸಿನ ಹುಡುಗ ಹೋಗಲಿಲ್ಲ. ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು, ಕಾಲಿಗೆ ಹತ್ತಿದ ಉಂಬಳ ಕೀಳುತ್ತ ಸಂಜೆಯವರೆಗೆ ಕಾಡಿನಲ್ಲಿರುತ್ತಿದ್ದ. ದನದ ವಿದ್ಯೆ ನನಗಿಂತ ಹತ್ತು ಪಾಲು ಅವನಿಗೆ ಗೊತ್ತಿತ್ತು. ಆ ವಿದ್ಯೆ ಅವನ ಬಾಲ್ಯವನ್ನೇ ತಿಂದಿತ್ತು. ಕಾರಂತರ ಚೋಮನಿಗೆ ಎತ್ತಿನ ಜೋಡಿ ಇತ್ತು, ಉಳಲು ಭೂಮಿ ಕೊಡುವವರಿರಲಿಲ್ಲ. ಅವನ ಮಕ್ಕಳು ಸಾಲಕ್ಕೆ ದುಡಿಯಲು ಎಸ್ಟೇಟಿಗೆ ಹೋದರು. ಶರಚ್ಚಂದ್ರರ ‘ಮಹೇಶ’ ಕತೆಯಲ್ಲಿ ಗಫೂರನ ಮಗಳು ಅಮೀನಾ ಬರಗಾಲದಲ್ಲಿ ಮಂದಿಯ ಮುಂದೆ ಕಾದು ನಿಂತು ಒಂದು ಕೊಡ ನೀರು ತರುತ್ತಾಳೆ. ಬಾಯಾರಿದ ಎತ್ತು ಮಹೇಶ ಅದನ್ನು ಕೆಡವಿ ಕುಡಿಯುತ್ತಾನೆ. ಮಗನಂತೆ ಸಾಕಿದ ಎತ್ತನ್ನು ಗಫೂರ ಸಿಟ್ಟಿನ ಭರದಲ್ಲಿ ಹೊಡೆದು ಕೊಲ್ಲುತ್ತಾನೆ; ಅಪ್ಪ ಮಗಳು ರಾತ್ರೋರಾತ್ರಿ ಸೆಣಬಿನ ಮಿಲ್ಲಿನ ಕೆಲಸಕ್ಕೆಂದು ಊರು ಬಿಡುತ್ತಾರೆ. ಅಮೀನಾ ಆ ರಾತ್ರಿ ಏನು ಕಲಿತಳು ಎಂದು ಯೋಚಿಸದೆ ಈ ವಿಷಯದ ಮೇಲೆ ಬರೆಯುವುದು ತಪ್ಪು. ನೀರು ಕೊಡೋರು ಯಾರು ಎಂಬ ಪ್ರಶ್ನೆಗೆ ಮೊದಲು ನೀರಿರಬೇಕು.

ಹಾಗಾಗಿ ಕಲಿಕೆಗೂ ದುಡಿಮೆಗೂ ನಡುವಿನ ಗೆರೆಯನ್ನು ಖಚಿತವಾಗಿ ಎಳೆಯಬೇಕಾಗುತ್ತದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಬಂದ ತಿದ್ದುಪಡಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸಿಕೊಳ್ಳುವುದನ್ನು ನಿಷೇಧಿಸಿ, ಶಾಲೆ ಬಿಟ್ಟ ಮೇಲೆ ಮತ್ತು ರಜೆಯಲ್ಲಿ ಮನೆಯವರ ಕೆಲಸಕ್ಕೆ ಕೈಜೋಡಿಸಲು ಅವಕಾಶ ಇಟ್ಟಿದೆ. ಇದನ್ನು ಶೋಷಣೆಗೆ ಬಿಟ್ಟ ಕಿಂಡಿ ಎಂದು ಟೀಕಿಸಿದವರ ಆತಂಕ ನನಗೆ ಅರ್ಥವಾಗುತ್ತದೆ. ಹಳ್ಳಿಯಲ್ಲಿ ಆ ಕಿಂಡಿಯೊಳಗೆ ಮೊದಲು ಸಿಕ್ಕಿಬೀಳುವವರು ಹೆಣ್ಣುಮಕ್ಕಳು. ಸಗಣಿ ಬಾಚುವುದು, ಗಂಜಲ ತೊಳೆಯುವುದು ಹುಡುಗಿಯ ಪಾಲು, ಎತ್ತಿನ ಮೈ ತಿಕ್ಕಿ ಕಾರಹುಣ್ಣಿಮೆಗೆ ಓಡಿಸುವುದು ಹುಡುಗನ ಪಾಲು. ಪರ್ಡ್ಯೂ ವಿಶ್ವವಿದ್ಯಾಲಯದ ಗೇಲ್ ಮೆಲ್ಸನ್ ಗಮನಿಸಿದ ಒಂದು ಸಂಗತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬೆಳೆಯುತ್ತ ಹೋದಂತೆ ಗಂಡುಮಕ್ಕಳು ಎಳೆಕೂಸುಗಳ ಆರೈಕೆಯನ್ನು ಹೆಂಗಸರ ಕೆಲಸವೆಂದು ದೂರವಿಡುತ್ತಾರೆ. ಸಾಕುಪ್ರಾಣಿಯ ಆರೈಕೆಯಲ್ಲಿ ಮಾತ್ರ ಹುಡುಗಿಯರಷ್ಟೇ ತೊಡಗಿರುತ್ತಾರೆ. ಹುಡುಗನೊಬ್ಬ ನಾಚಿಕೆಯಿಲ್ಲದೆ ಇನ್ನೊಂದು ಜೀವದ ಮೈ ತೊಳೆದು, ಉಣಿಸಿ, ರಾತ್ರಿ ಎದ್ದು ನೋಡಲು ನಮ್ಮ ಸಮಾಜ ಬಿಟ್ಟಿರುವ ಒಂದೇ ಬಾಗಿಲು ಇದಾದರೆ, ಅದನ್ನು ತೆರೆದಿಡಬೇಕು. ಗಂಡುಮಕ್ಕಳ ಕೈಗೆ ಸಗಣಿ ಬುಟ್ಟಿ ಕೊಡಬೇಕು.

ಇನ್ನು ಸಾವು. ಬಕ್ರೀದಿಗೆ ಮುಂಚಿನ ವಾರ ರಾಜಾಬಜಾರ್, ಪಾರ್ಕ್ ಸರ್ಕಸ್ಸಿನ ಓಣಿಗಳಲ್ಲಿ ಮಕ್ಕಳು ಆಡುಗಳನ್ನು ಹಗ್ಗ ಹಿಡಿದು ನಡೆಸುತ್ತಿರುತ್ತಾರೆ. ಹಲಸಿನ ಸೊಪ್ಪಿನ ಕಟ್ಟುಗಳು ರಸ್ತೆಬದಿಯಲ್ಲಿ ಮಾರಾಟಕ್ಕೆ ಬಂದಿರುತ್ತವೆ. ಹೀಗೆ ಉಣಿಸಿದ್ದನ್ನು ಕೊಯ್ಯುವುದು ಮಕ್ಕಳ ಮೇಲೆ ಕ್ರೌರ್ಯವಲ್ಲವೇ ಎಂದು ಗೆಳೆಯರೊಬ್ಬರು ನನ್ನನ್ನು ಕೇಳಿದರು. ನನಗೆ ನಮ್ಮ ಕೊಟ್ಟಿಗೆ ನೆನಪಾಯಿತು. ನಾವು ಮಾಂಸ ತಿನ್ನದ ಮನೆಯವರು. ಗಬ್ಬ ನಿಲ್ಲದ ಹಸು, ಉಳಲು ಬಾರದ ಹೋರಿಗರು ಒಂದು ದಿನ ಕಾಣೆಯಾಗುತ್ತಿತ್ತು. ಶಾಲೆಯಿಂದ ಬಂದಾಗ ಗೂಟದಲ್ಲಿ ಬರೀ ಕಣ್ಣಿ. ಕೇಳಿದರೆ "ದೂರದವರು ಸಾಕ್ತೀವಿ ಅಂತ ಒಯ್ದರು" ಅನ್ನುತ್ತಿದ್ದರು. ಓಣಿಯ ಆ ಮಗು ಅಳುತ್ತದೆ, ಆದರೆ ಅದಕ್ಕೆ ಯಾರೂ ಸುಳ್ಳು ಹೇಳಿರುವುದಿಲ್ಲ. ನನಗೆ ಸುಳ್ಳು ಹೇಳಿದ್ದರು. ಹಾಲು ಕುಡಿಯುವ ಮನೆಯೂ ಗಂಡುಕರುವಿನ ಗತಿಗೆ ಹೊಣೆ ಎಂಬುದು ನನಗೆ ಗೊತ್ತಾಗುವ ಹೊತ್ತಿಗೆ ಮೂವತ್ತು ದಾಟಿತ್ತು. ಮಕ್ಕಳಿಗೆ ಕೊಯ್ಯುವುದನ್ನು ತೋರಿಸಬೇಕು ಎಂದು ನಾನು ಹೇಳುತ್ತಿಲ್ಲ. ಕೇಳಿದಾಗ ನಿಜ ಹೇಳಬೇಕು.

ನಗರದಲ್ಲಿ ಇದೆಲ್ಲ ಎಲ್ಲಿ ಸಾಧ್ಯ? ಖಟಾಲುಗಳನ್ನು ಊರಿಂದಾಚೆಗೆ ಕಳಿಸುವ ಪ್ರಯತ್ನ ದಶಕಗಳಿಂದ ನಡೆದು ಹೆಚ್ಚಿನವು ಹೋಗಿವೆ. ನೊಣ, ಗಬ್ಬು, ಕಟ್ಟಿದ ಚರಂಡಿ ಕಂಡವರು ಅದಕ್ಕೆ ಮರುಗಲಾರರು. ಗಿಣಿ ಸಾಕಲು 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ, ಬಿಡಬಾರದು ಕೂಡ. ಹಾರುವುದನ್ನು ಕೂಡಿಹಾಕಿ ಮಗು ಕಲಿಯುವುದು ಕಾವಲು ಕಾಯುವುದನ್ನು. ಉಳಿದಿರುವುದು ನಮ್ಮ ಪಾಡಾದ, ಅಂದರೆ ಕೇರಿಯ, ನಾಯಿ ಬೆಕ್ಕುಗಳು. ಬೀದಿನಾಯಿಯೆಂದರೆ ಹೆದರಿಕೆ ಇರುವುದು ಸಹಜ, ಬೇಕು ಕೂಡ. ಕಚ್ಚಿದರೆ, ಪರಚಿದರೆ ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ಲಸಿಕೆಗೆ ಓಡಬೇಕು, ಮನೆಯಲ್ಲಿ ಮುಚ್ಚಿಡಬಾರದು ಎಂಬುದನ್ನು ಮಗುವಿಗೆ ಮೊದಲು ಕಲಿಸಬೇಕು. ಉಣ್ಣುವಾಗ ಹತ್ತಿರ ಹೋಗಬಾರದು, ಮರಿ ಹಾಕಿದ ತಾಯಿಯನ್ನು ಕೆಣಕಬಾರದು. ಇವು ಕೂಡ ಪ್ರಾಣಿಯಿಂದ ಕಲಿಯುವ ಪಾಠಗಳೇ: ನಿನ್ನ ಪ್ರೀತಿ ಅದಕ್ಕೆ ಎಲ್ಲ ಹೊತ್ತಿನಲ್ಲೂ ಬೇಕಾಗಿಲ್ಲ.

ಮೊಲ ತಾರದ ಆ ವರ್ಷ ಮಳೆಗಾಲದಲ್ಲಿ, ಲೇಕ್ ಮಾರ್ಕೆಟ್ ಬಳಿಯ ನಮ್ಮ ಕಟ್ಟಡದ ಮೆಟ್ಟಿಲಡಿ ಒಂದು ಕಂದು ನಾಯಿ ನಾಲ್ಕು ಮರಿ ಹಾಕಿತು. ಎರಡು ಉಳಿದವು. ಮಗಳು ಮಣ್ಣಿನ ತಟ್ಟೆಯೊಂದನ್ನು ಕೊಂಡು ತಂದು, ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ, ಸಂಜೆ ಬಂದ ಕೂಡಲೆ ನೀರಿಡುತ್ತಿದ್ದಳು. ತಟ್ಟೆ ತೊಳೆಯುವುದೂ ಅವಳೇ. ಮಾಶಿಯನ್ನು ಕೇಳಲಿಲ್ಲ. ಮಾಶಿ ಒಮ್ಮೆ ತಾವಾಗಿ ತುಂಬಿಸಿಟ್ಟಾಗ ಮುಖ ಊದಿಸಿಕೊಂಡಳು. ಪೂಜೆಯ ರಜೆಗೆ ಊರಿಗೆ ಹೊರಡುವ ದಿನ ಬಂತು. ಹೌರಾದಿಂದ ಬೆಂಗಳೂರಿನ ರೈಲು, ಅಲ್ಲಿಂದ ತೀರ್ಥಹಳ್ಳಿ, ಒಟ್ಟು ಹನ್ನೆರಡು ದಿನ. ಹಿಂದಿನ ಸಂಜೆ ಅವಳು ಮನೆಯಲ್ಲಿ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಮೂರನೆಯ ಮಹಡಿಯ ಹುಡುಗನನ್ನು ಮೆಟ್ಟಿಲಡಿಗೆ ಕರೆತಂದು ನಿಲ್ಲಿಸಿಕೊಂಡಿದ್ದಳು. ಕೈಯಲ್ಲಿ ಬಂಗಾಳಿಯಲ್ಲಿ ಬರೆದ ಒಂದು ಚೀಟಿ. ತಟ್ಟೆಯನ್ನು ಎಲ್ಲಿ ಇಡಬೇಕು, ಯಾವ ಮರಿ ಇನ್ನೊಂದನ್ನು ತಳ್ಳಿ ತಾನೇ ಕುಡಿದುಬಿಡುತ್ತದೆ, ಆಗ ಏನು ಮಾಡಬೇಕು ಎಂದು ಅವನಿಗೆ ತೋರಿಸುತ್ತಿದ್ದಳು. ಅವನು ತಲೆಯಾಡಿಸಿದ. ಅವಳು ಬಿಡಲಿಲ್ಲ, ಎಲ್ಲವನ್ನೂ ಇನ್ನೊಮ್ಮೆ ಹೇಳು ಎಂದು ಅವನ ಬಾಯಲ್ಲೇ ಹೇಳಿಸಿದಳು.